ಕಲಿಯುತ್ತ ಕಲಿಸಿದ ಗುರು: ರಿಮ್ಸ್ಕಿ-ಕೊರ್ಸಕೊವ್

ಪಾಶ್ಚಾತ್ಯ ಸಂಗೀತದಲ್ಲಿ ವಾದ್ಯವೃಂದ ಸಂಯೋಜನೆಯೆಂಬುದು ಸ್ವತಂತ್ರವಾದೊಂದು ಶಾಸ್ತ್ರ. ಯಾವ ಸ್ವರವನ್ನು ಪಿಟೀಲಿಗೆ ಒಪ್ಪಿಸಬೇಕು, ಯಾವುದನ್ನು ಕೊಳಲಿಗೆ, ಯಾವುದನ್ನು ಕಹಳೆಗೆ ಎಂಬ ವಿವೇಚನೆಯೇ ಅದರ ಜೀವಾಳ. ಈ ಶಾಸ್ತ್ರದಲ್ಲಿ ಆಚಾರ್ಯರೆನಿಸಿದ ರಷ್ಯದ ನಿಕೊಲಾಯ್ ರಿಮ್ಸ್ಕಿ-ಕೊರ್ಸಕೊವ್ ಅವರು ಅದನ್ನು ಯಾವ ಸಂಗೀತಶಾಲೆಯಲ್ಲಿಯೂ ಕಲಿತವರಲ್ಲ. ಪ್ರಾಧ್ಯಾಪಕರಾದ ಮೇಲೆ ವಿದ್ಯಾರ್ಥಿಯಾದವರು.

ಅವರು ಜನಿಸಿದ್ದು 1844ನೆಯ ಇಸವಿ ಮಾರ್ಚ್ 18ರಂದು, ತಿಖ್ವಿನ್ ಎಂಬ ಪಟ್ಟಣದಲ್ಲಿ. ಹಿರಿಯಣ್ಣ ನೌಕಾಧಿಕಾರಿ, ತಮ್ಮನೂ ಹನ್ನೆರಡನೆಯ ವಯಸ್ಸಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೌಕಾಶಾಲೆಯನ್ನು ಸೇರಿದರು. ಅಲ್ಲಿ ಪಿಯಾನೋ ಪಾಠ ಬಿಡುವಿನ ವೇಳೆಯ ಹವ್ಯಾಸ ಮಾತ್ರವಾಗಿತ್ತು. 1861ರಲ್ಲಿ ಸಂಗೀತಕಾರ ಬಲಾಕಿರೆವ್ ಅವರ ಪರಿಚಯವಾದದ್ದು ಬಾಳಿನ ದಿಕ್ಕನ್ನೇ ಬದಲಿಸಿತು. 1862ರಿಂದ 1865ರವರೆಗೆ ‘ಅಲ್ಮಾಜ್’ ಎಂಬ ಹಡಗಿನಲ್ಲಿ ಸಾಗರಯಾನ ನಡೆಸಿ ಹಿಂದಿರುಗಿದ ವರ್ಷವೇ ಅವರ ಮೊದಲ ಸಿಂಫನಿಯನ್ನು ಬಲಾಕಿರೆವ್ ಅವರು ಸಭೆಯ ಮುಂದೆ ನಡೆಸಿಕೊಟ್ಟರು.

1871ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕನ್ಸರ್ವೇಟರಿಯು ಸಂಯೋಜನೆ ಮತ್ತು ವಾದ್ಯಯೋಜನೆಗಳ ಪ್ರಾಧ್ಯಾಪಕ ಪದವಿಗೆ ಅವರನ್ನು ಆಹ್ವಾನಿಸಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಕಿವಿ ಸೂಕ್ಷ್ಮ, ಕಲ್ಪನೆ ಸಮೃದ್ಧ. ಆದರೆ ಸ್ವರಮೇಳಶಾಸ್ತ್ರದ ಪ್ರಾಥಮಿಕ ಪರಿಭಾಷೆಯೂ ತಿಳಿದಿರಲಿಲ್ಲ. ಈ ಕೊರತೆಯನ್ನು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ನಿಸ್ಸಂಕೋಚವಾಗಿ ಒಪ್ಪಿಕೊಂಡಿದ್ದಾರೆ. ಪದವಿಯ ಗೌರವದ ಮರೆಯಲ್ಲಿ ಅಜ್ಞಾನವನ್ನು ಬಚ್ಚಿಟ್ಟು ಕಾಲ ಕಳೆಯುವುದು ಸುಲಭವಿತ್ತು. ಅವರು ಕಠಿಣವಾದ ಹಾದಿಯನ್ನೇ ಆರಿಸಿಕೊಂಡರು. ಶಾಸ್ತ್ರಾಭ್ಯಾಸದಿಂದ ಪ್ರತಿಭೆ ಬತ್ತುವುದೆಂದು ನಂಬಿದ್ದ ಗೆಳೆಯರ ಅಸಮಾಧಾನವನ್ನೂ ಸಹಿಸಿ, 1875ರ ಬೇಸಿಗೆಯಲ್ಲಿ ಫ್ಯೂಗ್ ಎಂಬ ಕ್ಲಿಷ್ಟ ರಚನಾಬಂಧದಲ್ಲಿ ಸುಮಾರು ಅರವತ್ತು ಅಭ್ಯಾಸಗಳನ್ನು ಬರೆದರು. ಅವುಗಳಲ್ಲಿ ಕೆಲವನ್ನು ಚೈಕೊವ್‌ಸ್ಕಿಯವರಿಗೆ ಕಳುಹಿಸಿ ಅಭಿಪ್ರಾಯ ಕೇಳಿದರು.

1873ರಲ್ಲಿ ನೌಕಾದಳದ ವಾದ್ಯತಂಡಗಳ ಪರಿವೀಕ್ಷಕರಾಗಿ ನೇಮಕಗೊಂಡದ್ದು ಮತ್ತೊಂದು ಪಾಠಶಾಲೆಯಾಯಿತು. ಕೊಳಲು, ಕ್ಲಾರಿನೆಟ್, ಟ್ರಾಂಬೋನ್‌ಗಳನ್ನು ತರಿಸಿಕೊಂಡು ಬೆರಳುಗಳ ವಿನ್ಯಾಸವನ್ನು ತಾವೇ ಸಾಧಿಸಿ ನೋಡಿದರು. ಕೊಳಲಿನ ಕೆಳಸ್ಥಾಯಿ ಮೃದು, ಮೇಲ್ಸ್ಥಾಯಿ ಪ್ರಖರ; ಕ್ಲಾರಿನೆಟ್ಟಿಗೆ ಬರೆಯುವ ಸ್ವರವೇ ಬೇರೆ, ಕೇಳಿಬರುವ ಸ್ವರವೇ ಬೇರೆ. ಗಟ್ಟಿಯಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿನ ಬಲಕ್ಕೆ ಎರಡು ಹಾರ್ನ್‌ಗಳು ಬೇಕು. ಒಂದು ಹಾರ್ನ್‌ಗೆ ಎರಡು ಕ್ಲಾರಿನೆಟ್‌ಗಳು ಸಮ. ಇಂಥ ತೂಕದ ಲೆಕ್ಕಗಳನ್ನು ಅವರು ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ವಾದ್ಯಯೋಜನೆಯು ಸಿದ್ಧವಾದ ರಾಗಕ್ಕೆ ಹೊದಿಸುವ ಉಡುಪಲ್ಲ, ಕೃತಿಯೊಡನೆಯೇ ಹುಟ್ಟಬೇಕಾದ ಅಂಗವೆಂಬುದು ಅವರ ನಿಶ್ಚಿತ ಮತ.

ಈ ಸಾಧನೆಯ ಫಲ 1887ರ ‘ಸ್ಪ್ಯಾನಿಷ್ ಕಪ್ರಿಚಿಯೊ’ ಹಾಗೂ 1888ರ ‘ಶೆಹೆರಜಾದೆ’ ಕೃತಿಗಳಲ್ಲಿ ಬೆಳಗಿತು. ಮೊದಲನೆಯದರ ಪೂರ್ವಾಭ್ಯಾಸದಲ್ಲಿ ವಾದಕರೇ ಹರ್ಷೋದ್ಗಾರ ಮಾಡಿದರು. ಕೃತಿಯು ಅವರಿಗೇ ಅರ್ಪಿತವಾಯಿತು. ಅಗಲಿದ ಗೆಳೆಯರಾದ ಮುಸೋರ್ಗ್‌ಸ್ಕಿ ಮತ್ತು ಬೊರೊದಿನ್ ಅವರ ಅಪೂರ್ಣ ಕೃತಿಗಳನ್ನು ಪೂರ್ಣಗೊಳಿಸಲು ಅವರು ವರ್ಷಗಟ್ಟಲೆ ದುಡಿದರು. ಬೊರೊದಿನ್‌ರ ‘ಪ್ರಿನ್ಸ್ ಇಗೊರ್’ ಕೃತಿಯಲ್ಲಿ ಶಿಷ್ಯ ಗ್ಲಾಜುನೊವ್ ಕೈಜೋಡಿಸಿದರು. ಮುಸೋರ್ಗ್‌ಸ್ಕಿಯವರ ‘ಬೊರಿಸ್ ಗೊದುನೊವ್’ನ ಒರಟು ಸೊಬಗನ್ನು ಅತಿಯಾಗಿ ನಯಗೊಳಿಸಿದರೆಂಬ ಆಕ್ಷೇಪಣೆ ನಿರಾಧಾರವಲ್ಲ, ಮುಂದಿನ ತಲೆಮಾರು ಮೂಲಪಾಠದ ಕಡೆಗೆ ಮರಳಿತು. ಆದರೂ ಆ ಕೃತಿ ಲೋಕಪ್ರಸಿದ್ಧವಾದದ್ದು ಅವರ ಪರಿಷ್ಕರಣದ ಮೂಲಕವೇ.

1905ರ ಕ್ರಾಂತಿಯ ದಿನಗಳಲ್ಲಿ ವಿದ್ಯಾರ್ಥಿಗಳ ಪರವಾಗಿ ನಿಂತುದಕ್ಕಾಗಿ ಅವರು ಹುದ್ದೆಯಿಂದ ವಜಾಗೊಂಡರು. ಅದನ್ನು ಪ್ರತಿಭಟಿಸಿ ಗ್ಲಾಜುನೊವ್ ಮತ್ತು ಲ್ಯಾದೊವ್ ರಾಜೀನಾಮೆಯಿತ್ತರು. ಇಬ್ಬರೂ ಅವರ ಹಳೆಯ ಶಿಷ್ಯರು. ಅದೇ ವರ್ಷ ಗ್ಲಾಜುನೊವ್ ನಿರ್ದೇಶಕರಾದಾಗ ಗುರುಗಳು ಮತ್ತೆ ತರಗತಿಗೆ ಬಂದರು.

1908ರ ಜೂನ್ 21ರಂದು ಲ್ಯುಬೆನ್ಸ್ಕ್‌ನಲ್ಲಿ ಅವರು ನಿಧನರಾದಾಗ ವಾದ್ಯಯೋಜನೆಯ ಗ್ರಂಥ ಅಪೂರ್ಣವಾಗಿತ್ತು. ಅಳಿಯನೂ ಶಿಷ್ಯನೂ ಆದ ಸ್ಟೈನ್‌ಬರ್ಗ್ ಅದನ್ನು ಸಂಪಾದಿಸಿ 1913ರಲ್ಲಿ ಪ್ರಕಟಿಸಿದರು. ಸ್ಟ್ರವಿನ್‌ಸ್ಕಿ, ರೆಸ್ಪೀಗಿ, ಪ್ರೊಕೊಫಿಯೆವ್ ಮುಂತಾದವರು ಅವರಲ್ಲಿ ಪಾಠ ಕೇಳಿದವರು. ತಾನರಿಯದುದನ್ನು ಅರಿಯೆನೆಂದು ಒಪ್ಪಿಕೊಂಡು, ಅರಿತ ಮೇಲೆ ಮುಚ್ಚಿಡದೆ ಹಂಚಿದ ಅಧ್ಯಾಪಕನಿಗೆ ಶಿಷ್ಯಪರಂಪರೆಗಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.