ಗೌಹರ್ ಜಾನ್

ಗೌಹರ್ ಜಾನ್ (ಜೂನ್ ೨೬, ೧೮೭೩ – ಜನವರಿ ೧೭, ೧೯೩೦) ಹಿಂದೂಸ್ತಾನಿ ಸಂಗೀತದ ಪ್ರಸಿದ್ಧ ಗಾಯಕಿ. ಗ್ರಾಮೋಫೋನ್ ತಟ್ಟೆಗಳಿಗೆ ಹಾಡಿದ ಭಾರತೀಯರಲ್ಲಿ ಮೊದಲಿಗರ ಸಾಲಿಗೆ ಸೇರಿದವರು. ಮೈಸೂರು ಸಂಸ್ಥಾನದ ಆಸ್ಥಾನ ಗಾಯಕಿಯಾಗಿದ್ದರು.

ಜನನ ಮತ್ತು ಶಿಕ್ಷಣ

ಆಜಂಗಢದಲ್ಲಿ ಜನಿಸಿದ ಇವರ ಮೊದಲ ಹೆಸರು ಏಂಜೆಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದವರು. ದಾಂಪತ್ಯ ಮುರಿದ ಬಳಿಕ ತಾಯಿ ವಿಕ್ಟೋರಿಯಾ ಮಗಳೊಡನೆ ಬನಾರಸಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದರು. ಮಗಳು ಗೌಹರ್ ಜಾನ್ ಆದರು. ೧೮೮೩ರಲ್ಲಿ ಇಬ್ಬರೂ ಕಲ್ಕತ್ತೆಯಲ್ಲಿ ನೆಲೆಸಿದರು. ಗೌಹರ್ ಗಾಯನದ ಜೊತೆಗೆ ಬಿಂದಾದಿನ್ ಮಹಾರಾಜರಲ್ಲಿ ಕಥಕ್ ಕಲಿತು, ೧೮೮೭ರಲ್ಲಿ ದರ್ಭಂಗಾ ಸಂಸ್ಥಾನದಲ್ಲಿ ಮೊದಲ ಕಛೇರಿ ನೀಡಿದರು.

ಧ್ವನಿಮುದ್ರಣ

೧೯೦೨ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಇವರ ಗಾಯನವನ್ನು ಮುದ್ರಿಸಿಕೊಂಡರು. ಮುದ್ರಣಕ್ಕೆ ಆಗಿನ್ನೂ ಮೈಕ್ರೋಫೋನ್ ಬಳಕೆಗೆ ಬಂದಿರಲಿಲ್ಲ. ಗಾಯಕರು ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಕಂಪನಕ್ಕೆ ಸೂಜಿ ಅಲುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ಹಾಡಿಗೆ ದೊರೆಯುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು, ಅದರ ಸ್ವರೂಪ ಕೆಡದಂತೆ ಈ ಕಿರು ಅವಧಿಯಲ್ಲಿ ಅಡಕಗೊಳಿಸಿದುದು ಗೌಹರ್ ಜಾನ್ ಅವರ ಹೆಚ್ಚುಗಾರಿಕೆ.

ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆರಂಭದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗುತ್ತಿದ್ದುದರಿಂದ, ಗಾಯಕರು ಯಾರೆಂದು ತಿಳಿಯಲು ಅಲ್ಲಿಯ ಕೆಲಸಗಾರರಿಗೆ ಇದು ನೆರವಾಗುತ್ತಿತ್ತು. ಅನುಕೂಲಕ್ಕಾಗಿ ಹುಟ್ಟಿದ ಈ ರೂಢಿಯೇ ಮುಂದೆ ಅವರ ಹೆಗ್ಗುರುತಾಯಿತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರು ಹಾಡಿದ ಸುಮಾರು ೬೦೦ ಮುದ್ರಿಕೆಗಳಲ್ಲಿ ಖಯಾಲ್, ಠುಮ್ರಿ, ದಾದ್ರಾ, ಭಜನೆಗಳು ಸೇರಿವೆ.

ಮೈಸೂರಿನ ದಿನಗಳು

೧೯೧೧ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯವರೊಡನೆ ಹಾಡುವಷ್ಟು ಕೀರ್ತಿ ಗಳಿಸಿದ್ದರೂ, ನ್ಯಾಯಾಲಯದ ವ್ಯಾಜ್ಯಗಳಿಂದ ಅವರ ಸಂಪತ್ತು ಕರಗಿತು. ೧೯೨೮ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಆಸ್ಥಾನದಲ್ಲಿ ಆಶ್ರಯ ನೀಡಿದರು. ಒಂದೂವರೆ ವರ್ಷ ತುಂಬುವ ಮೊದಲೇ ಅವರು ಮೈಸೂರಿನಲ್ಲಿ ನಿಧನರಾದರು.

ಮುದ್ರಿಕೆಗಳ ಮಹತ್ವ

ಅರಗು ಬೆರೆಸಿ ಮಾಡಿದ ಅಂದಿನ ತಟ್ಟೆಗಳು ಕೈಜಾರಿದರೆ ಒಡೆಯುತ್ತವೆ. ಉಕ್ಕಿನ ಮುಳ್ಳು ಹಾಯ್ದಷ್ಟೂ ಸವೆಯುತ್ತವೆ. ಆದ್ದರಿಂದ ಗೌಹರ್ ಜಾನ್ ಅವರ ಸುಸ್ಥಿತಿಯ ಮುದ್ರಿಕೆಗಳು ಇಂದು ಅಪರೂಪವಾಗಿದ್ದು, ಸಂಗ್ರಾಹಕರು ಅವನ್ನು ಜೋಪಾನವಾಗಿ ಕಾಯ್ದುಕೊಂಡಿದ್ದಾರೆ. ಹಲವನ್ನು ಡಿಜಿಟಲ್ ರೂಪಕ್ಕೆ ತರಲಾಗಿದೆ. ಗ್ರಾಮೋಫೋನ್ ಭಾರತಕ್ಕೆ ಬರುವ ಮೊದಲೇ ಸಂಗೀತ ಕಲಿತವರ ಗಾಯನಶೈಲಿಯನ್ನು ಅರಿಯಲು ಇವು ಅಮೂಲ್ಯ ಆಕರಗಳಾಗಿವೆ.