ವಜ್ರದ ಬೆಳಕನ್ನು ಓದಿದ ಅನ್ನಾ ಮಣಿ

ಅನ್ನಾ ಮಣಿ ಎಂದರೆ ಹವಾಮಾನ ವಿಜ್ಞಾನಿ ಎಂದೇ ಹೆಚ್ಚಿನವರಿಗೆ ಗೊತ್ತು. ಆದರೆ ಅವರ ಸಂಶೋಧನೆ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ, ವಜ್ರಗಳು ಹೊಮ್ಮಿಸುವ ಬೆಳಕಿನ ಅಧ್ಯಯನದಿಂದ.

ಅವರು 1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದಾಗ, ಅದು ಬೇಡವೆಂದು ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಹರಳಿನ ಮೇಲೆ ಬೆಳಕು ಬಿಟ್ಟರೆ ಅದು ಸ್ವಲ್ಪ ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊರಬಿಡುತ್ತದೆ. ಆ ಮಂದ ಬೆಳಕಿನ ರೋಹಿತ ಫೋಟೋ ಪ್ಲೇಟಿನ ಮೇಲೆ ಮೂಡಲು 15ರಿಂದ 20 ಗಂಟೆ ಬೇಕಿತ್ತು. ಹರಳನ್ನು ದ್ರವಗಾಳಿಯಿಂದ ತಣ್ಣಗಿಟ್ಟು, ರಾತ್ರಿಯೂ ಪ್ರಯೋಗಾಲಯದಲ್ಲೇ ಉಳಿದು ಕೆಲಸ ಮಾಡಿದರು. 1942ರಿಂದ 1945ರೊಳಗೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಒಬ್ಬರೇ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು.

1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಡಾಕ್ಟರೇಟ್ ನಿರಾಕರಿಸಿತು. ಅವರು ಕೆಲಸ ನಿಲ್ಲಿಸಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ದೇಶದಲ್ಲೇ ತಯಾರಿಸುವಂತೆ ಮಾಡಿದರು. ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು. ದೇಶದ ಬಿಸಿಲನ್ನೂ ಗಾಳಿಯನ್ನೂ ಅಳೆದು ಅವರು ಪ್ರಕಟಿಸಿದ ಅಂಕಿಅಂಶಗಳು ಸೌರ ಮತ್ತು ಪವನ ವಿದ್ಯುತ್ತಿಗೆ ಬುನಾದಿಯಾದವು. ಉಜ್ಜಿನಿ, ಕೊಟ್ಟೂರು ಭಾಗದ ನಮಗೆ ಬಿಸಿಲೂ ಗಾಳಿಯೂ ಹೊಸದಲ್ಲ; ಅವುಗಳ ಬೆಲೆ ತಿಳಿಯುವುದು ಅಳೆದಾಗ.

ವಜ್ರಕ್ಕೆ ಅವರು ಬಳಸಿದ ವಿಧಾನ ಇಂದಿಗೂ ಉಪಯೋಗದಲ್ಲಿದೆ. ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಂದೇ ಪದರ ಕೇವಲ ಮೂರು ಪರಮಾಣುಗಳಷ್ಟು ದಪ್ಪ. ಅದರ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಕ್ಕೇರಿ, ಹಿಂದೆ ರಂಧ್ರ ಉಳಿಯುತ್ತದೆ. ದ್ವಿತೀಯ ಪಿಯುಸಿ ಅರೆವಾಹಕಗಳ ಪಾಠದಲ್ಲಿ ಬರುವ ರಂಧ್ರ ಇದೇ. ಇವೆರಡೂ ಪರಸ್ಪರ ಆಕರ್ಷಿತವಾಗಿ ಜೋಡಿಯಾದರೆ ಅದಕ್ಕೆ ಎಕ್ಸಿಟಾನ್ ಎಂದು ಹೆಸರು. ಜೋಡಿ ಮತ್ತೆ ಒಂದಾದಾಗ ಕೆಂಪು ಬೆಳಕು ಹೊಮ್ಮುತ್ತದೆ. ಗಂಧಕದ ಕೆಲವು ಪರಮಾಣುಗಳ ಜಾಗದಲ್ಲಿ ಸೆಲೆನಿಯಮ್ ಸೇರಿಸಿ ಮಿಶ್ರಣ ಮಾಡಿದರೆ, ಸೆಲೆನಿಯಮ್ ಹೆಚ್ಚಿದಷ್ಟೂ ಆ ಬೆಳಕು ಅವಕೆಂಪಿನತ್ತ ಸರಿಯುತ್ತದೆ. ವಜ್ರದ ಬೆಳಕಿಗೆ ಮುಖ್ಯ ಕಾರಣ ಹರಳಿನೊಳಗಿನ ಕಲ್ಮಶ ಮತ್ತು ದೋಷಗಳು. ಇಲ್ಲಿ ಕಾರಣ ಬೇರೆ. ಆದರೂ ಹರಳನ್ನು ತಂಪಾಗಿಸಿ, ಬೆಳಕು ಬಿಟ್ಟು, ಹೊರಬಂದ ಬೆಳಕಿನ ರೋಹಿತ ಓದುವ ಕ್ರಮ ಅದೇ.

ಅನ್ನಾ ಮಣಿ 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಪದವಿ ಸಿಗದ ಅವರ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಸಿಕ್ಕವರ ಪ್ರಬಂಧಗಳ ಪಕ್ಕದಲ್ಲೇ ಇದೆ. ಅಂಕಪಟ್ಟಿ ಕೈಸೇರುವ ದಿನ ಇದು ನಮಗೆ ನೆನಪಿರಲಿ.