ಕಣ್ಣಿಲ್ಲದವರಿಗೆ ಹಾಡಿನ ದಾರಿ ತೋರಿದ ಪಂಚಾಕ್ಷರಿ ಗವಾಯಿ

ನಂಗಲಿ: ಸಂತೆ, ಜಾತ್ರೆ, ಬಸ್ ನಿಲ್ದಾಣದ ಹತ್ತಿರ ಮೈಕ್ ಇಟ್ಟುಕೊಂಡು ಹಾಡುವ ಅಂಧ ಕಲಾವಿದರ ತಂಡಗಳನ್ನು ತಾಲ್ಲೂಕಿನಲ್ಲಿ ನೋಡದವರು ಕಡಿಮೆ. ಹತ್ತು ರೂಪಾಯಿ ಡಬ್ಬಿಗೆ ಹಾಕಿ, ಅಯ್ಯೋ ಪಾಪ ಅಂದು ಮುಂದೆ ಹೋಗುವವರೇ ಜಾಸ್ತಿ. ಕಣ್ಣಿಲ್ಲದವರಿಗೆ ಅಯ್ಯೋ ಅನ್ನೋದಕ್ಕಿಂತ ಒಂದು ವಿದ್ಯೆ ಕಲಿಸೋದು ದೊಡ್ಡದು ಅಂತ ನೂರು ವರ್ಷದ ಹಿಂದೆಯೇ ಬದುಕಿ ತೋರಿಸಿದವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಜೂನ್ 11 ಅವರು ತೀರಿಕೊಂಡ ದಿನ.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿದಾಗಿನಿಂದಲೇ ದೃಷ್ಟಿ ಇರಲಿಲ್ಲ. ಅಣ್ಣನಿಗೂ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದರೆ ಬಡ ತಂದೆ ತಾಯಿ ಏನು ಮಾಡಬೇಕು? ಅಂಧರಿಗೆ ಶಾಲೆ, ಪಿಂಚಣಿ, ಮೀಸಲಾತಿ ಅನ್ನೋ ಮಾತೇ ಆ ಕಾಲದ ಹಳ್ಳಿಗಳಲ್ಲಿ ಇರಲಿಲ್ಲ. ಮೂಲೆಯಲ್ಲಿ ಕೂರಬೇಕು, ಇಲ್ಲವೇ ಊರೂರು ತಿರುಗಿ ಬೇಡಬೇಕು.

ಆದರೆ ಹುಡುಗರಿಬ್ಬರಿಗೂ ಕಿವಿ ಚುರುಕು, ಕಂಠ ಚೆನ್ನಾಗಿತ್ತು. ಇದನ್ನು ಗುರುತಿಸಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗ ಮಂದಿರ ಕಟ್ಟಿದವರೂ ಇವರೇ. ಅನ್ನ ಹಾಕಿ ಕಳಿಸಿದ್ದರೂ ಪುಣ್ಯದ ಕೆಲಸವೇ ಆಗುತ್ತಿತ್ತು. ಸ್ವಾಮಿಗಳು ಅಷ್ಟಕ್ಕೇ ಬಿಡಲಿಲ್ಲ. ಸಂಗೀತ ಕಲಿಸುವ ಏರ್ಪಾಟು ಮಾಡಿದರು.

ಸಂಗೀತವನ್ನೇ ಆರಿಸಿದ್ದಕ್ಕೂ ಕಾರಣ ಇದೆ. ನಮ್ಮ ಸಂಗೀತದ ಪಾಠ ಪುಸ್ತಕ ನೋಡಿ ಕಲಿಯುವಂಥದ್ದಲ್ಲ. ಗುರು ಹಾಡಬೇಕು, ಶಿಷ್ಯ ಕೇಳಿ ಹಾಗೇ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಅದೇ ಸಾಲು, ನೂರು ಸಲ ಆದರೂ ಸರಿ. ಇಲ್ಲಿ ಕಣ್ಣಿನ ಕೆಲಸ ಕಡಿಮೆ, ಕಿವಿ ಮತ್ತು ನೆನಪಿನ ಕೆಲಸ ಹೆಚ್ಚು. ಕಣ್ಣಿದ್ದವರ ಜೊತೆ ಸರಿಸಮನಾಗಿ ನಿಲ್ಲಬಹುದಾದ ವಿದ್ಯೆ ಇದು.

ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ನಂಗಲಿ, ಮುಳಬಾಗಿಲು ಕಡೆ ದೇವಸ್ಥಾನಗಳಲ್ಲಿ ನಾದಸ್ವರದವರು ನುಡಿಸೋದು, ತ್ಯಾಗರಾಜರ ಕೀರ್ತನೆ ಹಾಡೋದು ಇದೇ ಪದ್ಧತಿ. ಅಷ್ಟಕ್ಕೇ ಸಾಕು ಅನ್ನಲಿಲ್ಲ. ನೀಲಕಂಠ ಬುವಾ ಮಿರಜಕರ್ ಮತ್ತು ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಎರಡೂ ಪದ್ಧತಿಗಳನ್ನು ಪಳಗಿಸಿಕೊಂಡವರು ಆಗಲೂ ಅಪರೂಪ, ಈಗಲೂ ಅಪರೂಪ. ಹಾಡುಗಾರಿಕೆಯ ಜೊತೆ ವಾದ್ಯಗಳೂ ಕೈಗೆ ಬಂದವು. ಪಂಚಾಕ್ಷರಿ ಗವಾಯಿ ಅನ್ನೋ ಹೆಸರು ನಿಂತಿತು.

ಇಷ್ಟು ವಿದ್ಯೆ ಇದ್ದವರು ಕಛೇರಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಗವಾಯಿಗಳು ಮದುವೆ ಆಗಲಿಲ್ಲ, ಆಸ್ತಿ ಮಾಡಲಿಲ್ಲ. ತಮ್ಮ ಹಾಗೆ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರಿಂದ ಊರಿಗೆ ಹೋಗುವ ಸಂಗೀತ ಪಾಠಶಾಲೆ ನಡೆಸಿದರು. ಇಂಥ ಶಾಲೆಗೆ ಸ್ವಂತ ಕಟ್ಟಡ ಇರುವುದಿಲ್ಲ. ಹೋದ ಊರಿನಲ್ಲೇ ಊಟ, ಅಲ್ಲೇ ಪಾಠ. ಮಳೆ ಕೈಕೊಟ್ಟ ವರ್ಷ ಊರಿನವರಿಗೇ ಊಟಕ್ಕೆ ಕಷ್ಟ, ಇನ್ನು ಹತ್ತಾರು ಮಕ್ಕಳನ್ನು ಕಟ್ಟಿಕೊಂಡು ಬಂದ ಗುರುಗಳ ಪಾಡು ಹೇಳಬೇಕಾಗಿಲ್ಲ. ಆದರೂ ಪಾಠ ನಿಲ್ಲಿಸಲಿಲ್ಲ.

ಕಡೆಗೆ ಶಾಲೆ ನೆಲೆ ನಿಂತಿದ್ದು ಗದಗಿನಲ್ಲಿ. ಅಲ್ಲಿನ ದಾನಿ ಬಸರಿಗಿಡದ ವೀರಪ್ಪನವರು ಕೈಹಿಡಿದರು. ಅದೇ ಇವತ್ತಿನ ವೀರೇಶ್ವರ ಪುಣ್ಯಾಶ್ರಮ. ಜಾತಿ ಮತ ಕೇಳದೆ ಅಂಧರಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲವೂ ಉಚಿತ.

ಗವಾಯಿಗಳ ಶಿಷ್ಯರ ಪಟ್ಟಿ ನೋಡಿದರೆ ಅವರ ಸಾಧನೆ ಗೊತ್ತಾಗುತ್ತೆ. ಕುಂದಗೋಳದ ಹತ್ತಿರದ ಯಲಿವಾಳದ ಬಸವರಾಜ ರಾಜಗುರು ಕಣ್ಣಿದ್ದವರು. ಅವರಿಗೆ ದಾರಿ ತೋರಿದ್ದು ಕಣ್ಣಿಲ್ಲದ ಗುರು. 1991ರಲ್ಲಿ ರಾಜಗುರು ಅವರಿಗೆ ಪದ್ಮಭೂಷಣ ಬಂತು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಇದೇ ಗರಡಿಯವರು. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಹುಡುಗನೊಬ್ಬನನ್ನು ಗವಾಯಿಗಳು ತಮ್ಮ ಮಗನ ಹಾಗೆ ಬೆಳೆಸಿದರು. ಅವರೇ ಪುಟ್ಟರಾಜ ಗವಾಯಿಗಳು.

1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಅವರಿಗೆ 52 ವರ್ಷ. ಆಶ್ರಮದ ಹೊಣೆ ಪುಟ್ಟರಾಜರ ಹೆಗಲಿಗೆ ಬಂತು. 2010ರಲ್ಲಿ ಕಣ್ಮುಚ್ಚುವವರೆಗೆ, ಅಂದರೆ 66 ವರ್ಷ, ಅವರು ಅದನ್ನು ನಡೆಸಿದರು. ಕಣ್ಣಿಲ್ಲದ ಗುರು ಕಟ್ಟಿದ್ದನ್ನು ಕಣ್ಣಿಲ್ಲದ ಶಿಷ್ಯ ಬೆಳೆಸಿದರು.

ನಂಗಲಿಯಿಂದ ಗದಗ 500 ಕಿ.ಮೀ. ಆಸುಪಾಸಿನ ದೂರ. ಆದರೂ ಗವಾಯಿಗಳ ಕತೆ ಈ ಗಡಿಯ ಮನೆಗಳಿಗೂ ಬಂದಿದೆ, ಸಿನಿಮಾ ಮೂಲಕ. 1995ರ ಗಾನಯೋಗಿ ಪಂಚಾಕ್ಷರಿ ಗವಾಯಿ ಚಿತ್ರದ ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೆಲುಗು, ಕನ್ನಡ ಎರಡೂ ಮಾತಾಡುವ ಇಲ್ಲಿನವರಿಗೆ ಬಾಲು ದನಿ ಪರಿಚಯಿಸಬೇಕಾಗಿಲ್ಲ.

ಗದಿಗೆಯ್ಯನಿಗೆ ಒಬ್ಬ ಸ್ವಾಮಿಗಳು ಸಿಕ್ಕಿದ್ದು ಅದೃಷ್ಟ. ಇವತ್ತಿನ ಮಕ್ಕಳು ಅದೃಷ್ಟ ಕಾಯಬೇಕಾಗಿಲ್ಲ, ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳು ಸೇರಿವೆ. ಶೇ 40ಕ್ಕಿಂತ ಕಡಿಮೆ ಇಲ್ಲದ ನ್ಯೂನತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ, ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡ್ ಮಾಡಿಸಲು, ಸೌಲಭ್ಯ ಕೇಳಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು. ಪಕ್ಕದ ಮನೆಯಲ್ಲಿ ಇಂಥ ಮಗು ಇದ್ದರೆ ಆ ತಾಯಿಗೆ ಈ ವಿಷಯ ಒಂದು ಸಲ ತಿಳಿಸಿದರೂ ಉಪಕಾರವೇ.